ಮಾಸ್‌ಫೆಟ್ ಬೇಕೋ, ಐಜಿಬಿಟಿ ಬೇಕೋ?

ಎರಡೂ ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡುವ ಸೆಮಿಕಂಡಕ್ಟರ್ ಸ್ವಿಚ್‌ಗಳು. ನಿಮಗೆ ಬೇಕಿರುವುದು ಮನೆಯ ಇನ್ವರ್ಟರ್‌ಗೋ, ಗಂಗಾವತಿಯ ರೈಸ್ ಮಿಲ್ಲಿನ ಮೋಟಾರ್ ಡ್ರೈವ್‌ಗೋ (ಮೋಟಾರಿನ ವೇಗ ಬದಲಿಸುವ ಸಾಧನ)? ಮೊದಲು ಅದನ್ನು ತೀರ್ಮಾನಿಸಿ. ಸ್ವಿಚ್ಚಿನ ಆಯ್ಕೆ ಹೆಚ್ಚಾಗಿ ವೋಲ್ಟೇಜ್ ಮೇಲೆ ನಿಂತಿದೆ.

12 ವೋಲ್ಟ್ ಬ್ಯಾಟರಿಯ ಇನ್ವರ್ಟರ್‌ಗೆ ಮಾಸ್‌ಫೆಟ್ಟೇ ಸರಿ. ಲೆಕ್ಕ ನೋಡಿ: 50 ಆಂಪಿಯರ್ ಹರಿಯುವಾಗ 4 ಮಿಲಿಓಮ್‌ನ ಮಾಸ್‌ಫೆಟ್‌ನಲ್ಲಿ ಬೀಳುವುದು 0.2 ವೋಲ್ಟ್, ಅಂದರೆ 10 ವ್ಯಾಟ್ ಬಿಸಿ. ಐಜಿಬಿಟಿಯಲ್ಲಿ ಸುಮಾರು 2 ವೋಲ್ಟ್ ಬೀಳುತ್ತದೆ. 100 ವ್ಯಾಟ್ ಸುಮ್ನೆ ಹೋಯಿತು ಅಲ್ವಾ?

ಮಿಲ್ಲಿನ ಲೆಕ್ಕವೇ ಬೇರೆ. 415 ವೋಲ್ಟ್ ತ್ರೀ ಫೇಸ್ ಕರೆಂಟನ್ನು ಡಿಸಿ ಮಾಡಿದರೆ 580 ವೋಲ್ಟ್ ಆಸುಪಾಸು ಬರುತ್ತದೆ. ಅಲ್ಲಿ 1200 ವೋಲ್ಟ್‌ನ ಐಜಿಬಿಟಿ ಹಾಕಿ. ಅಷ್ಟು ತಡೆಯುವ ಸಿಲಿಕಾನ್ ಮಾಸ್‌ಫೆಟ್‌ಗೆ ರೆಸಿಸ್ಟೆನ್ಸ್ ತುಂಬಾ ಜಾಸ್ತಿ. ಐಜಿಬಿಟಿ ಆಫ್ ಆಗುವುದು ನಿಧಾನ, ನಿಜ. ಆದರೆ ಮೋಟಾರ್‌ಗೆ ಕೆಲವು ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಕೆಲವು ಸಾವಿರ ಸಲ ಆನ್-ಆಫ್ ಆದರೆ ಸಾಕು. ಇಷ್ಟು ವೋಲ್ಟೇಜ್‌ಗೆ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ ಈ ಎರಡಕ್ಕಿಂತ ಚೆನ್ನ, ಬೆಲೆ ಮಾತ್ರ ಜಾಸ್ತಿ.

ವೇಗ ಬದಲಿಸಬೇಕಿಲ್ಲ, ಮೋಟಾರ್ ಮೆಲ್ಲಗೆ ಶುರುವಾದರೆ ಸಾಕು ಅಂದರೆ ಎಸ್‌ಸಿಆರ್ (ಇನ್ನೊಂದು ಬಗೆಯ ಸೆಮಿಕಂಡಕ್ಟರ್ ಸ್ವಿಚ್) ಇರುವ ಸಾಫ್ಟ್ ಸ್ಟಾರ್ಟರ್ ತಗೊಳ್ಳಿ.

ಯಾವುದನ್ನೇ ಹಾಕಿ, ಬಿಸಿಯನ್ನು ಹೊರಹಾಕುವ ಲೋಹದ ಹೀಟ್ ಸಿಂಕ್‌ನಲ್ಲಿ ಮಾತ್ರ ಜಿಪುಣತನ ಬೇಡ. ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೀಟ್ ಸಿಂಕ್‌ನ ರೆಕ್ಕೆಗಳ ನಡುವೆ ತೌಡಿನ ಧೂಳು ಕೂತರೆ ಫ್ಯಾನ್ ತಿರುಗಿದರೂ ಗಾಳಿ ಆಡುವುದಿಲ್ಲ. ಆಗಾಗ ಪವರ್ ತೆಗೆದು, ಕೆಪಾಸಿಟರ್ ಖಾಲಿಯಾಗುವ ತನಕ ಕಾದು, ಬ್ಲೋವರ್ ಹಿಡಿಯಿರಿ.