ಅಡುಗೆಮನೆ ಟೈಲ್ಸ್ ಸಂದಿಗೆ ಎಪಾಕ್ಸಿ: ಮೂರು ವರ್ಷ ಆಯಿತು, ಹೇಗಿದೆ?

ಕೋಲಾರದಲ್ಲಿ ನಮ್ಮದು ಹಳೇ ಮನೆ. ಅಡುಗೆಮನೆಗೆ ಒಂದಡಿ ಟೈಲ್ಸ್, ಸಂದಿಗೆಲ್ಲ ವೈಟ್ ಸಿಮೆಂಟ್. ಒಲೆ ಮುಂದಿನ ಸಂದಿಗಳು ಎಷ್ಟು ಉಜ್ಜಿದರೂ ಕರ್ರಗೇ. ಸಿಮೆಂಟ್ ಅಲ್ವಾ, ಒಗ್ಗರಣೆ ಎಣ್ಣೆ, ಅರಿಶಿನ ಎಲ್ಲ ಹೀರಿಕೊಳ್ಳುತ್ತದೆ. ತಡೆಯಲಾರದೆ ಒಂದು ದಿನ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದೆ. ಬುಸ್ ಅಂತ ನೊರೆ ಬಂತು, ಬೆಳ್ಳಗೂ ಆಯಿತು, ಖುಷಿಪಟ್ಟೆ. ಆ ನೊರೆ ಅಂದರೆ ಸಿಮೆಂಟೇ ಕರಗುತ್ತಿದೆ ಅಂತ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಕಸ ಗುಡಿಸುವಾಗ ಸಂದಿಯ ಪುಡಿ ಪೊರಕೆಗೆ ಬರತೊಡಗಿದಾಗ. ಜೊತೆಗೆ ಇರುವೆ ಸಾಲು ಬೇರೆ.

ಆಗ ಸಿಮೆಂಟ್ ಬದಲು ಎಪಾಕ್ಸಿ, ಅಂದರೆ ಎಣ್ಣೆ ಹೀರದ, ರಾಳದಿಂದ ಮಾಡಿದ ಸಂದಿ ತುಂಬುವ ಪೇಸ್ಟ್, ಹಾಕಿಸಿದೆವು. ಮೇಸ್ತ್ರಿ 5 ಕೆಜಿ ತನ್ನಿ ಎಂದರು. ಹತ್ತು ಅಡಿ, ಎಂಟು ಅಡಿ ನೆಲಕ್ಕೆ, 3 ಮಿಮೀ ಸಂದಿಗೆ ಅದರ ಅರ್ಧವೂ ಬೇಕಾಗಲಿಲ್ಲ. ನೀವೂ ಲೆಕ್ಕ ಹಾಕಿಯೇ ತನ್ನಿ. ಬಿಳಿ ಬೇಡ, ಹಳದಿಗೆ ತಿರುಗುತ್ತದೆ, ನಾವು ಬೂದಿ ಬಣ್ಣ ತೆಗೆದುಕೊಂಡೆವು.

ಹಳೇ ಸಿಮೆಂಟ್ ಕೆರೆಯುವುದೇ ದೊಡ್ಡ ಕೆಲಸ. ಬೇಗ ಮುಗಿಯಲಿ ಅಂತ ಕಟಿಂಗ್ ಮಷೀನ್ ಇಟ್ಟರು, ಎರಡು ಟೈಲ್ಸ್ ಅಂಚು ಹಾರಿಹೋಯಿತು. ಆಮೇಲೆ ನಾನೇ ಕೂಗಾಡಿ ಕೈಯಲ್ಲೇ ಕೆರೆಸಿದೆ. ಅದಕ್ಕಿಂತ ದೊಡ್ಡ ತಲೆನೋವು ಅಂದರೆ ರಾಳ, ಹಾರ್ಡನರ್, ಪುಡಿ ಮೂರೂ ಕಲಸಿದ ಮೇಲೆ ಟೈಮ್ ಕಮ್ಮಿ, ಗಟ್ಟಿಯಾಗುತ್ತಾ ಹೋಗುತ್ತದೆ, ತುಂಬಿದ ಹಾಗೇ ಟೈಲ್ಸ್ ಮೇಲಿನದನ್ನು ಒದ್ದೆ ಸ್ಪಂಜಿನಲ್ಲಿ ಒರೆಸುತ್ತಾ ಬರಬೇಕು. ನಮ್ಮ ಕೆಲಸದವರು ನಡುವೆ ಟೀ ಕುಡಿಯಲು ಹೋದರು, ಒರೆಸದೆ ಬಿಟ್ಟಿದ್ದು ಟೈಲ್ಸ್ ಮೇಲೆ ಹಾಗೇ ಗಟ್ಟಿಯಾಯಿತು. ಆ ಮಬ್ಬು ಪೊರೆ ಇವತ್ತಿಗೂ ಇದೆ, ಮಧ್ಯಾಹ್ನ ಕಿಟಕಿ ಬಿಸಿಲು ಬಿದ್ದರೆ ಸಾಕು, ಕಣ್ಣಿಗೆ ಕುಕ್ಕುತ್ತದೆ. ಒಂದು ದಿನ ಕಾಲಿಡಲಿಲ್ಲ, ಒಂದು ವಾರ ನೀರು ಸುರಿದು ತೊಳೆಯಲಿಲ್ಲ, ಸುಮ್ನೆ ಒರೆಸಿಕೊಂಡಿದ್ದೆವು.

ಈಗ? ಒಲೆ ಮುಂದೆ ಹಾಕಿದ ದಿನದ ಬಣ್ಣವೇ ಇದೆ. ಬಸ್ಸಾರು ಚೆಲ್ಲಿದರೂ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸಿಂಕ್ ಕೆಳಗೆ ಮಾತ್ರ ನಮ್ಮ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕೂರುತ್ತದೆ, ನಿಂಬೆ ಹೋಳಿನಲ್ಲಿ ಉಜ್ಜಿದರೆ ಹೋಗುತ್ತದೆ.

ಬಾಗಿಲ ಹತ್ತಿರದ ಒಂದು ಸಂದಿ ಬಿರುಕು ಬಿಟ್ಟಿದೆ. ಎಪಾಕ್ಸಿ ತಪ್ಪಲ್ಲ. ಅಲ್ಲಿ ಟೈಲ್ಸ್ ತಟ್ಟಿದರೆ ಡಬ್ ಡಬ್ ಅನ್ನುತ್ತದೆ, ಅಡಿಯಲ್ಲಿ ಟೊಳ್ಳು. ಸಂದಿ ತುಂಬಿಸುವ ಮೊದಲು ಒಂದೊಂದೇ ತಟ್ಟಿ ನೋಡಬೇಕಿತ್ತು. ಕಿತ್ತು ಹಾಕೋಣ ಅಂದರೆ ಆ ಡಿಸೈನ್ ಈಗ ಎಲ್ಲೂ ಸಿಗುತ್ತಿಲ್ಲ, ಸದ್ಯಕ್ಕೆ ಅದರ ಮೇಲೆ ಕಾಲೊರೆಸುವ ಮ್ಯಾಟ್ ಹಾಕಿದ್ದೇವೆ.