ಭಾಗಾಕಾರದ ಲೆಕ್ಕಗಳ ವಿಡಿಯೋ ಕೋರ್ಸ್: ತಗೋಬಹುದಾ?

ಸ್ನಾತಕೋತ್ತರ ಪ್ರವೇಶ ಪರೀಕ್ಷೆಗಳಾದ ಜಿಆರ್‌ಇ, ಜಿಮ್ಯಾಟ್ ತಯಾರಿಗೆ ಅಂತ ತಗೊಂಡ ಕೋರ್ಸ್ ಇದು. ಪೂರ್ಣಾಂಕಗಳ ಪಾಠ ನನಗೆ ತುಂಬಾ ಇಷ್ಟವಾಯಿತು.

ಒಂದು ಸಂಖ್ಯೆ 4ರಿಂದಲೂ 6ರಿಂದಲೂ ಭಾಗವಾಗುತ್ತದೆ, ಹಾಗಾದರೆ 24ರಿಂದಲೂ ಆಗಲೇಬೇಕಾ ಅಂತ ಕೇಳಿ ಶುರು ಮಾಡುತ್ತಾರೆ. ಸುಮ್ನೆ ಗುಣಿಸಿ ಹೌದು ಅಂದುಬಿಡೋದು ಸುಲಭ, ಅಲ್ವಾ? ಆದರೆ 12 ನೋಡಿ. 4ರಲ್ಲಿ ಎರಡು ಸಲ 2 ಇದೆ, 6ರಲ್ಲಿರುವ 2 ಅದರಲ್ಲೇ ಸೇರಿಹೋಗಬಹುದು, ಹಾಗಾಗಿ ಖಾತ್ರಿಯಾಗಿ ಸಿಗುವುದು ಲ.ಸಾ.ಅ. (ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12 ಮಾತ್ರ. ಸೂತ್ರ ಉರು ಹೊಡೆಸದೆ, ಪ್ರತಿ ಸಂಖ್ಯೆಯನ್ನೂ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ ಯೋಚಿಸುವುದನ್ನು ಕಲಿಸುತ್ತಾರೆ, ಪರೀಕ್ಷೆಗೆ ಬೇಕಾದದ್ದೂ ಅದೇ.

ಇನ್ನೊಂದು ಲೆಕ್ಕವಂತೂ ಸೊಗಸು. ಯಾವುದೇ ಬೆಸ ಸಂಖ್ಯೆಯ ಘನದಿಂದ ಅದೇ ಸಂಖ್ಯೆ ಕಳೆಯಿರಿ, ಉತ್ತರ 24ರಿಂದ ಭಾಗವಾಗುತ್ತದೆ. ಯಾಕೆಂದರೆ ಅದು ಮೂರು ಅನುಕ್ರಮ ಸಂಖ್ಯೆಗಳ ಗುಣಲಬ್ಧ: ಅಕ್ಕಪಕ್ಕದ ಎರಡೂ ಸಮ, ಅವುಗಳಲ್ಲಿ ಒಂದು 4ರಿಂದ ಭಾಗವಾಗುತ್ತದೆ, ಮೂರರಲ್ಲಿ ಒಂದು 3ರಿಂದ. 5 ಹಾಕಿದರೆ 120 ಬರುತ್ತದೆ.

ಕೊರತೆ ಇದೆ. ಸೊನ್ನೆಯನ್ನು ಮುಟ್ಟುವುದೇ ಇಲ್ಲ. ಸೊನ್ನೆಯಲ್ಲದ ಎಲ್ಲ ಪೂರ್ಣಾಂಕದಿಂದಲೂ 0 ಭಾಗವಾಗುತ್ತದೆ, ಅದನ್ನು ಮರೆತರೆ ಸುಲಭದ ಪ್ರಶ್ನೆಯೂ ಕೈಕೊಡುತ್ತದೆ. ಶೇಷದ ಲೆಕ್ಕಗಳನ್ನು ಅವಸರದಲ್ಲಿ ಮುಗಿಸಿದ್ದಾರೆ, ಅವಕ್ಕೆ ಬೇರೆ ಅಭ್ಯಾಸ ಪುಸ್ತಕ ಇಟ್ಟುಕೊಳ್ಳಿ.