ತಗ್ಗಿಸಿದ ಕಾರಿಗೆ ಬರೀ ಟೋ ಸರಿಮಾಡಿಸಿದರೆ ಸಾಕಾ, ಕ್ಯಾಂಬರ್ ಬೋಲ್ಟೂ ಬೇಕಾ?

ಕಾರು ತಗ್ಗಿಸಿದ ಮೇಲೆ ಟೈರಿನ ಒಳ ಅಂಚು ಬೇಗ ಸವೆಯುತ್ತಿದೆ ಅಲ್ವಾ? ಎಲ್ಲರೂ ಮೊದಲು ಕ್ಯಾಂಬರನ್ನೇ (ಎದುರಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ದೂರುತ್ತಾರೆ. ನನ್ನ ಪ್ರಕಾರ ಜಾಸ್ತಿ ಹಾಳು ಮಾಡುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು. ಚಕ್ರ ವಾಲಿದ್ದರೂ ನೇರವಾಗಿ ಉರುಳಿದರೆ ಸವೆತ ನಿಧಾನ. ಟೋ ತಪ್ಪಿದರೆ ಟೈರ್ ರಸ್ತೆಗೆ ಉಜ್ಜಿಕೊಂಡೇ ಸಾಗುತ್ತದೆ. ಟೈರಿನ ಮೇಲೆ ಕೈಯಾಡಿಸಿ ನೋಡಿ, ಗರಗಸದ ಹಲ್ಲಿನ ಹಾಗೆ ತಗುಲಿದರೆ ಅದು ಟೋ ಗುರುತು.

ಸ್ವಲ್ಪವೇ ತಗ್ಗಿಸಿದ್ದು, ಕ್ಯಾಂಬರ್ ಮೈನಸ್ 1.5 ಡಿಗ್ರಿ (ಮೈನಸ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ ಅಂತ) ಒಳಗಿದ್ದರೆ ಟೋ ಸರಿಮಾಡಿಸಿದರೆ ಸಾಕು. ಸುಮ್ನೆ ಬಿಡಿಭಾಗಕ್ಕೆ ದುಡ್ಡು ಸುರಿಯಬೇಡಿ.

ಮೈನಸ್ 2 ದಾಟಿದ್ದರೆ, ಇಲ್ಲವೇ ಎಡ-ಬಲ ವ್ಯತ್ಯಾಸ ಎದ್ದು ಕಾಣುತ್ತಿದ್ದರೆ ಕ್ಯಾಂಬರ್ ಬೋಲ್ಟ್ (ಚಕ್ರದ ವಾಲುವಿಕೆ ಹೊಂದಿಸುವ ಬೋಲ್ಟ್) ಹಾಕಿಸಿ. ಇದು ಹಲವು ಮ್ಯಾಕ್‌ಫರ್ಸನ್ ಸ್ಟ್ರಟ್‌ಗಳಿಗೆ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಹೊಂದುತ್ತದೆ. ಹಿಂದಿನ ಚಕ್ರಗಳಿಗೆ ಮಲ್ಟಿಲಿಂಕ್ (ಹಲವು ತೋಳುಗಳ ಸಸ್ಪೆನ್ಷನ್) ಇದ್ದರೆ ಸಾಮಾನ್ಯವಾಗಿ ಅಡ್ಜಸ್ಟಬಲ್ ಆರ್ಮ್ (ಉದ್ದ ಹೊಂದಿಸಬಹುದಾದ ತೋಳು) ಬೇಕಾಗುತ್ತದೆ. ಆಮೇಲೆ ಟೋ ಮತ್ತೆ ನೋಡಿಸಲೇಬೇಕು, ಕ್ಯಾಂಬರ್ ಬದಲಾದರೆ ಅದೂ ಬದಲಾಗುತ್ತದೆ.